ಯಂತ್ರವಿಲ್ಲದ ಕಾಲ, ಯಂತ್ರ ಬಂದ ಕಾಲ

ಗುಣವಾಗುವ ಭರವಸೆ ಉಳಿಯದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ಆರಂಭಿಸದಿರಲು ಅಥವಾ ನಿಲ್ಲಿಸಲು ಅವಕಾಶವಿದೆಯೆಂದು ಸರ್ವೋಚ್ಚ ನ್ಯಾಯಾಲಯ 2018ರ ಮಾರ್ಚ್ 9ರಂದು ತೀರ್ಪು ನೀಡಿತು. ಆ ತೀರ್ಪಿನ ಬಿಗಿಯಾದ ವಿಧಿಗಳನ್ನು 2023ರ ಜನವರಿಯಲ್ಲಿ ಸಡಿಲಿಸಿತು. ಅದನ್ನು ರಾಜ್ಯದ ಆಸ್ಪತ್ರೆಗಳಲ್ಲಿ ಕಾರ್ಯರೂಪಕ್ಕೆ ತರುವ ಸುತ್ತೋಲೆಯನ್ನು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯ ಕೊನೆಯಲ್ಲಿ ಹೊರಡಿಸಿತು. ಘನತೆಯ ಸಾವಿನ ಮಾತು ಬಂದಾಗಲೆಲ್ಲ ಓದುಗರ ಕಣ್ಣಿಗೆ ಕಟ್ಟುವುದು ವೆಂಟಿಲೇಟರ್, ಅಂದರೆ ಪ್ರಜ್ಞೆ ತಪ್ಪಿ ಮಲಗಿದವರಿಗೆ ಉಸಿರು ತುಂಬುವ ಯಂತ್ರ. ಆದರೆ ಪೂರ್ಣ ಎಚ್ಚರವಿರುವ, ತನ್ನ ಬೇಕುಬೇಡಗಳನ್ನು ಬಾಯಿಬಿಟ್ಟು ಹೇಳಬಲ್ಲ ವೃದ್ಧರ ಮುಂದೆಯೂ ಇದೇ ಪ್ರಶ್ನೆ ಇನ್ನೊಂದು ಯಂತ್ರದ ರೂಪದಲ್ಲಿ ಬಂದು ನಿಲ್ಲುತ್ತದೆ. ಕೆಟ್ಟುಹೋದ ಮೂತ್ರಪಿಂಡಗಳ ಬದಲಿಗೆ ರಕ್ತವನ್ನು ಶೋಧಿಸುವ ಆ ಚಿಕಿತ್ಸೆಯೇ ಡಯಾಲಿಸಿಸ್. ಅದನ್ನು ಒಪ್ಪಬೇಕೆ, ಅಥವಾ ಅದಿಲ್ಲದೆ ಔಷಧ, ಪಥ್ಯ ಮತ್ತು ನೋವುಶಮನದ ಆರೈಕೆಯಲ್ಲಿ ಉಳಿದ ದಿನಗಳನ್ನು ಕಳೆಯಬೇಕೆ ಎಂಬ ಪ್ರಶ್ನೆಯನ್ನು ಇಂದು ಹೊಸದೆಂಬಂತೆ ಚರ್ಚಿಸಲಾಗುತ್ತಿದೆಯಾದರೂ, ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿಯಲು ತೊಡಗಿದ ವೈದ್ಯರ ಪೀಳಿಗೆಗೆ ಇದು ಹಳೆಯ ಪರಿಚಯ. ಆ ಪೀಳಿಗೆಗೆ ಸೇರಿದ ಪ್ರಸ್ತುತ ಲೇಖಕಿಯ ನೆನಪಿನಲ್ಲಿ ಈ ಸುತ್ತೋಲೆ ಮೊದಲು ತೆರೆದದ್ದು ಆ ಕಾಲದ ಒಂದು ವಾರ್ಡನ್ನು.

ನೆನಪಿಗೆ ಹೋಗುವ ಮೊದಲು ರೋಗದ ಸ್ವರೂಪವನ್ನು ಚುಟುಕಾಗಿ ಹೇಳಬೇಕು. ಆರೋಗ್ಯವಂತ ಯುವಕರಲ್ಲಿ ಎರಡು ಮೂತ್ರಪಿಂಡಗಳೂ ಸೇರಿ ನಿಮಿಷಕ್ಕೆ ಸುಮಾರು 100 ಮಿಲಿಲೀಟರಿಗೂ ಹೆಚ್ಚು ದ್ರವವನ್ನು ರಕ್ತದಿಂದ ಸೋಸುತ್ತವೆ. ಈ ಸೋಸುವಿಕೆಯ ವೇಗವನ್ನು ರಕ್ತದ ಕ್ರಿಯಾಟಿನಿನ್ ಎಂಬ ತ್ಯಾಜ್ಯವಸ್ತುವಿನ ಪ್ರಮಾಣ, ವಯಸ್ಸು ಮತ್ತು ಲಿಂಗಗಳ ಆಧಾರದ ಮೇಲೆ ಲೆಕ್ಕಹಾಕುತ್ತಾರೆ. ಅದು 15ಕ್ಕಿಂತ ಕೆಳಗೆ ಇಳಿದರೆ ರೋಗ ಐದನೆಯ, ಅಂದರೆ ಕೊನೆಯ ಹಂತಕ್ಕೆ ಬಂದಿದೆಯೆಂದು ಅರ್ಥ. ಹೊರಹೋಗಬೇಕಾದ ತ್ಯಾಜ್ಯ, ನೀರು, ಪೊಟ್ಯಾಶಿಯಂ ಮತ್ತು ಆಮ್ಲ ಒಳಗೇ ಉಳಿಯುತ್ತ ಹೋದಂತೆ ಹಸಿವು ಸಾಯುತ್ತದೆ, ಬಾಯಲ್ಲಿ ಲೋಹದ ರುಚಿ ನಿಲ್ಲುತ್ತದೆ, ಚರ್ಮ ತುರಿಸುತ್ತದೆ, ಕಾಲು ಊದಿಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ, ಕೊನೆಕೊನೆಗೆ ಮಂಪರು ಆವರಿಸುತ್ತದೆ. ದೀರ್ಘಕಾಲದ ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡಗಳೇ ಇದಕ್ಕೆ ಮುಖ್ಯ ಕಾರಣಗಳಾದುದರಿಂದ, ಮೂತ್ರಪಿಂಡ ಕೈಕೊಡುವ ಹೊತ್ತಿಗೆ ವೃದ್ಧರಲ್ಲಿ ಹೃದಯ, ಕಣ್ಣು, ಕಾಲಿನ ರಕ್ತನಾಳಗಳು ಕೂಡ ಬಹಳ ಬಾರಿ ಕೆಟ್ಟಿರುತ್ತವೆ.

ಎಂಬತ್ತರ ದಶಕದ ಆ ವಾರ್ಡು ಹಳೆಯ ಕಲ್ಲುಕಟ್ಟಡದ ನೆಲಮಹಡಿಯಲ್ಲಿತ್ತು. ರಕ್ತ ಶೋಧಿಸುವ ಯಂತ್ರ ಇದ್ದದ್ದು ಒಂದೇ. ಅದರ ಕೋಣೆಗೆ ಸದಾ ಬೀಗ ಬಿದ್ದಿರುತ್ತಿತ್ತು, ಬೀಗದ ಕೈ ಹಿರಿಯ ನರ್ಸಿನ ಬಳಿ ಇರುತ್ತಿತ್ತು. ವಾರ್ಡಿನ ನಿತ್ಯದ ಸಾಧನ ಬೇರೆಯೇ ಆಗಿತ್ತು: ಹೊಕ್ಕುಳ ಕೆಳಗೆ ಚುಚ್ಚಿ ಇಳಿಸಿದ ಗಟ್ಟಿ ಪ್ಲಾಸ್ಟಿಕ್ ಕೊಳವೆಯ ಮೂಲಕ ಲವಣ ಮತ್ತು ಸಕ್ಕರೆ ಬೆರೆತ ದ್ರವವನ್ನು ಹೊಟ್ಟೆಯೊಳಗೆ ತುಂಬಿ, ಸ್ವಲ್ಪ ಹೊತ್ತು ಬಿಟ್ಟು, ತ್ಯಾಜ್ಯದೊಂದಿಗೆ ಹೊರಗೆ ಹರಿಸುವ ವಿಧಾನ. ಉದರದ ಒಳಪೊರೆಯನ್ನೇ ಜರಡಿಯಾಗಿ ಬಳಸುವ ಈ ಚಿಕಿತ್ಸೆಗೆ ಪೆರಿಟೋನಿಯಲ್ ಡಯಾಲಿಸಿಸ್ ಎಂದು ಹೆಸರು. ವಾರ್ಡಿನ ಜನ ಅದನ್ನು ಹೊಟ್ಟೆಗೆ ನೀರು ಹಾಕುವುದು ಎನ್ನುತ್ತಿದ್ದರು. ಬಾಟಲಿಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಬೆಚ್ಚಗೆ ಮಾಡುವುದು, ಒಳಗೆ ಹೋದದ್ದೆಷ್ಟು ಹೊರಗೆ ಬಂದದ್ದೆಷ್ಟು ಎಂದು ಹಗಲಿರುಳು ಬರೆದಿಡುವುದು ಹೌಸ್ ಸರ್ಜನ್‌ಗಳೆಂದು ಕರೆಯಲಾಗುವ ತರಬೇತಿಯ ವೈದ್ಯರ ಕೆಲಸವಾಗಿತ್ತು. ಹಾವು ಕಚ್ಚಿದವರು, ವಾಂತಿಭೇದಿಯಲ್ಲಿ ಬಸವಳಿದವರು, ಹೆರಿಗೆಯ ನಂತರ ನಂಜೇರಿದ ಬಾಣಂತಿಯರು ಈ ಬಾಟಲಿಗಳ ಬಲದಿಂದ ಎದ್ದು ಮನೆಗೆ ನಡೆದದ್ದುಂಟು. ಅವರ ಮೂತ್ರಪಿಂಡಗಳು ತಾತ್ಕಾಲಿಕವಾಗಿ ನಿಂತಿದ್ದವೇ ಹೊರತು ಸತ್ತಿರಲಿಲ್ಲ. ಬೀಗದ ಕೋಣೆಯ ಯಂತ್ರ ಮನೆಯವರಲ್ಲಿ ಯಾರಾದರೂ ಮೂತ್ರಪಿಂಡ ಕೊಡಲು ಮುಂದೆ ಬಂದ ಯುವಕರಿಗೆ, ಕಸಿ ಶಸ್ತ್ರಚಿಕಿತ್ಸೆಯವರೆಗಿನ ಸೇತುವೆಯಾಗಿ ಮೀಸಲಾಗಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ನಡೆದ ಯಶಸ್ವಿ ಕಸಿಯ ನಂತರ ಆ ಹಾದಿ ದೇಶದಲ್ಲಿ ತೆರೆದಿತ್ತಾದರೂ ಅದು ಅರವತ್ತು ದಾಟಿದವರತ್ತ ತಿರುಗುತ್ತಿದ್ದುದು ಅಪರೂಪ.

ವೃದ್ಧರಿಗೆ ಇದ್ದದ್ದು ಮನೆಯ ದಾರಿ. ಬಯಲುಸೀಮೆಯ ರೈತನೊಬ್ಬ, ಎಡೆಬಿಡದ ಬಿಕ್ಕಳಿಕೆಯಿಂದ ಮಾತು ಪೂರೈಸಲಾಗದೆ, ಉಸಿರಿನಲ್ಲಿ ಮೂತ್ರದ ವಾಸನೆ ಹೊತ್ತು, ಮೈತುಂಬ ಕೆರೆದುಕೊಂಡ ಗಾಯಗಳೊಂದಿಗೆ ಮಲಗಿದ್ದ ಚಿತ್ರ ಆ ವರ್ಷಗಳ ಅಂಥ ಅನೇಕರ ಪ್ರತಿನಿಧಿಯಾಗಿ ಲೇಖಕಿಯ ಮನಸ್ಸಿನಲ್ಲಿ ಉಳಿದಿದೆ. ಹಿರಿಯ ವೈದ್ಯರು ಅವನ ಮಗನನ್ನು ವರಾಂಡಕ್ಕೆ ಕರೆದು, ಊರಿಗೆ ಕರೆದುಕೊಂಡು ಹೋಗಿ ಬಯಸಿದ್ದನ್ನು ತಿನ್ನಿಸುವಂತೆ ಹೇಳಿದರು. ಆ ಮಾತಿನಲ್ಲಿ ಕ್ರೌರ್ಯವಿರಲಿಲ್ಲ; ಆಸ್ಪತ್ರೆಯಲ್ಲಿ ಕೊಡಲು ಏನೂ ಉಳಿದಿಲ್ಲವೆಂಬುದನ್ನು ಹೇಳುವ ರೂಢಿಯ ರೀತಿ ಅದಾಗಿತ್ತು. ಆದರೆ ಬಿಡುಗಡೆಯ ಚೀಟಿಯಲ್ಲಿ ಬರೆಯುತ್ತಿದ್ದ ಒಕ್ಕಣೆ ಬೇರೆ: ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಕರೆದೊಯ್ಯಲಾಗಿದೆ. ಸಲಹೆ ಕೊಟ್ಟದ್ದೇ ಕರೆದೊಯ್ಯಿರಿ ಎಂದು. ದಾಖಲೆಯಲ್ಲಿ ಉಳಿದದ್ದು ಮನೆಯವರು ಸಲಹೆ ಮೀರಿದರು ಎಂದು. ಕೆಳಗೆ ಮಗನ ಹೆಬ್ಬೆಟ್ಟು. ತುರಿಕೆಗೆ, ಬಿಕ್ಕಳಿಕೆಗೆ, ಉಸಿರುಗಟ್ಟುವಿಕೆಗೆ ಊರಿನಲ್ಲಿ ಏನು ಮಾಡಬೇಕೆಂದು ಆ ಚೀಟಿಯಲ್ಲಿ ಒಂದು ಸಾಲೂ ಇರುತ್ತಿರಲಿಲ್ಲ. ಡಯಾಲಿಸಿಸ್ ಇಲ್ಲದ ಆರೈಕೆಯೆಂದು ಇಂದು ಕರೆಯುವುದರಲ್ಲಿ ಡಯಾಲಿಸಿಸ್ ಇಲ್ಲದಿರುವುದು ಮಾತ್ರ ಆಗ ಇತ್ತು, ಆರೈಕೆ ಇರಲಿಲ್ಲ. ಆ ಕಾಲದ ಸಾವುಗಳನ್ನು ನೆಮ್ಮದಿಯ ಮನೆಸಾವುಗಳೆಂದು ಈಗ ಮೆಚ್ಚಿ ಮಾತಾಡುವವರು ಇದನ್ನು ಮರೆಯಬಾರದು.

ಯಂತ್ರ ಯಾರಿಗೆ ಎಂಬ ಪ್ರಶ್ನೆಗೆ ವಯಸ್ಸನ್ನು ಅಳತೆಗೋಲಾಗಿಸಿದ್ದು ಭಾರತದ ಬಡ ಆಸ್ಪತ್ರೆಗಳಷ್ಟೇ ಅಲ್ಲ. ಯುದ್ಧಕಾಲದ ನೆದರ್ಲೆಂಡ್ಸಿನ ಕಾಂಪೆನ್ ಪಟ್ಟಣದಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯ ಸಾಸೇಜಿಗೆ ಬಳಸುವ ಸೆಲ್ಲೋಫೇನ್ ಕೊಳವೆಗಳಿಂದ ಕೃತಕ ಮೂತ್ರಪಿಂಡವನ್ನು ಕಟ್ಟಿ 1943ರಲ್ಲಿ ರೋಗಿಗಳ ಮೇಲೆ ಪ್ರಯೋಗಿಸತೊಡಗಿದ. ಮೊದಮೊದಲ ರೋಗಿಗಳು ಉಳಿಯಲಿಲ್ಲ, 1945ರಲ್ಲಿ ಅದರಿಂದ ಮೊದಲ ಬಾರಿಗೆ ಬದುಕುಳಿದದ್ದು 67 ವರ್ಷದ ಒಬ್ಬ ಮಹಿಳೆ. ಆಕೆಯದು ತಾತ್ಕಾಲಿಕ ವೈಫಲ್ಯವಾಗಿತ್ತು. ಶಾಶ್ವತವಾಗಿ ಕೆಟ್ಟ ಮೂತ್ರಪಿಂಡದವರನ್ನು ವರ್ಷಗಟ್ಟಲೆ ಉಳಿಸುವುದು ಸಾಧ್ಯವಾದದ್ದು 1960ರಲ್ಲಿ. ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ತೋಳಿನ ರಕ್ತನಾಳಗಳಿಗೆ ಟೆಫ್ಲಾನ್ ಕೊಳವೆಯನ್ನು ಕಾಯಂ ಆಗಿ ಜೋಡಿಸುವ ಉಪಾಯ ಕಂಡುಕೊಂಡ ಮೇಲೆ. ಯಂತ್ರಗಳು ಕಡಿಮೆ, ರೋಗಿಗಳು ಹೆಚ್ಚು. ಹೀಗಾಗಿ ಅಲ್ಲಿ ವಕೀಲ, ಪಾದ್ರಿ, ಬ್ಯಾಂಕ್ ಅಧಿಕಾರಿ, ಗೃಹಿಣಿ, ಕಾರ್ಮಿಕ ಮುಖಂಡ ಮೊದಲಾದ ಏಳು ಮಂದಿಯ ಸಮಿತಿಯೊಂದು ಯಾರಿಗೆ ಚಿಕಿತ್ಸೆ ಎಂಬುದನ್ನು ಗುಟ್ಟಾಗಿ ತೀರ್ಮಾನಿಸುತ್ತಿತ್ತು. 45 ದಾಟಿದವರ ಹೆಸರು ಅದರ ಮುಂದೆ ಬರುತ್ತಲೇ ಇರಲಿಲ್ಲ. ಲೈಫ್ ಪತ್ರಿಕೆಯಲ್ಲಿ 1962ರಲ್ಲಿ ಶಾನಾ ಅಲೆಕ್ಸಾಂಡರ್ ಬರೆದ ಲೇಖನದಿಂದ ಈ ಸಂಗತಿ ಜಗಜ್ಜಾಹೀರಾಯಿತು, ದಶಕದ ಚರ್ಚೆಯ ಕೊನೆಗೆ ಅಮೆರಿಕದ ಸಂಸತ್ತು 1972ರಲ್ಲಿ ಕಾನೂನು ತಿದ್ದಿ ಬಹುಮಟ್ಟಿಗೆ ಎಲ್ಲ ರೋಗಿಗಳ ಡಯಾಲಿಸಿಸ್ ವೆಚ್ಚವನ್ನು ಸರ್ಕಾರದ ಹೊಣೆಯಾಗಿಸಿತು. ವಯಸ್ಸಿನ ಬಾಗಿಲು ತೆರೆಯಿತು. ಒಳಗೆ ಬರುವ ವೃದ್ಧರಿಗೆ ಅದರಿಂದ ಏನು ದೊರೆಯುತ್ತದೆಂದು ವಿಚಾರಿಸುವ ಕೆಲಸ ಬಹುಕಾಲ ಬಾಕಿ ಉಳಿಯಿತು.

ಭಾರತದಲ್ಲಿ ಡಯಾಲಿಸಿಸ್ ಎಂಬ ಶಬ್ದವನ್ನು ಸಾಮಾನ್ಯ ಜನ ಮೊದಲು ಕೇಳಿದ್ದು ಬಹುಶಃ ಜಯಪ್ರಕಾಶ ನಾರಾಯಣರ ಮೂಲಕ. ತುರ್ತುಪರಿಸ್ಥಿತಿಯ ಬಂಧನದಲ್ಲಿದ್ದಾಗ 1975ರಲ್ಲಿ ಅವರ ಮೂತ್ರಪಿಂಡಗಳು ಕೆಟ್ಟವು. ಬಿಡುಗಡೆಯ ನಂತರ ಮುಂಬಯಿಯ ಜಸ್ಲೋಕ್ ಆಸ್ಪತ್ರೆಯಲ್ಲಿ ಅವರಿಗೆ ಡಯಾಲಿಸಿಸ್ ಆರಂಭವಾದಾಗ ವಯಸ್ಸು 73. ಅವರ ಯಂತ್ರಕ್ಕಾಗಿ ಜನ ಚಿಲ್ಲರೆ ಹಣ ಕೂಡಿಸಿದರು, ಪ್ರಧಾನಿ ಕಳುಹಿಸಿದ ನೆರವನ್ನು ಅವರು ಹಿಂದಿರುಗಿಸಿದರು. ಯಂತ್ರದ ಆಸರೆಯಲ್ಲೇ 1977ರ ಚುನಾವಣೆಯಲ್ಲಿ ವಿರೋಧ ಪಕ್ಷಗಳನ್ನು ಒಂದುಗೂಡಿಸಿ, ಸರ್ಕಾರ ಬದಲಾದದ್ದನ್ನು ಕಂಡು, 1979ರ ಅಕ್ಟೋಬರ್ 8ರಂದು ತೀರಿಕೊಂಡರು. ವೃದ್ಧರಿಗೆ ಡಯಾಲಿಸಿಸ್ ವ್ಯರ್ಥವೆಂದು ಸಾರಾಸಗಟಾಗಿ ಹೇಳುವವರಿಗೆ ಈ ನಾಲ್ಕು ವರ್ಷಗಳು ಉತ್ತರವಾಗಿವೆ. ಅವರಿಗೆ ಪ್ರತಿ ಬಾರಿಯೂ ಯಂತ್ರದ ಪಕ್ಕದಿಂದ ಎದ್ದು ಹೋಗಿ ಮಾಡಬೇಕಾದ ಕೆಲಸವೊಂದು ಇತ್ತೆಂಬುದನ್ನೂ ಅಷ್ಟೇ ಗಮನಿಸಬೇಕು.

ತೊಂಬತ್ತರ ದಶಕದಲ್ಲಿ ನಗರಗಳ ಖಾಸಗಿ ಆಸ್ಪತ್ರೆಗಳಿಗೆ ಯಂತ್ರಗಳು ಬಂದವು; ಮೂತ್ರಪಿಂಡ ಕೆಟ್ಟವರಲ್ಲಿ ರಕ್ತಹೀನತೆಯನ್ನು ತಡೆಯುವ ಎರಿಥ್ರೊಪೊಯಿಟಿನ್ ಚುಚ್ಚುಮದ್ದು ಬಂದು, ಪದೇಪದೇ ರಕ್ತ ಕೊಡಿಸುವ ಪಾಡು ತಗ್ಗಿತು. ಲೇಖಕಿ ದುಡಿಯುತ್ತಿದ್ದ ಅಂಥದೊಂದು ಘಟಕಕ್ಕೆ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ವಾರಕ್ಕೆ ಎರಡು ಬಾರಿ ಸಿಟಿ ಬಸ್ಸಿನಲ್ಲಿ ಒಬ್ಬರೇ ಬರುತ್ತಿದ್ದರು. ಎಪ್ಪತ್ತು ದಾಟಿದ್ದರೂ ಹೃದಯ ಗಟ್ಟಿಯಾಗಿತ್ತು. ಮೊಣಕೈಯ ಬಳಿ ಅಪಧಮನಿಯನ್ನೂ ಅಭಿಧಮನಿಯನ್ನೂ ಹೊಲಿದು ಜೋಡಿಸಿದ ಫಿಸ್ಟುಲಾ, ಅಂದರೆ ದಪ್ಪ ಸೂಜಿ ಚುಚ್ಚಲು ಅನುಕೂಲವಾಗುವಂತೆ ಹಿಗ್ಗಿಸಿದ ರಕ್ತನಾಳ, ಚೆನ್ನಾಗಿ ಬಲಿತಿತ್ತು. ನಾಲ್ಕು ಗಂಟೆಯ ಅವಧಿಯನ್ನು ವಾರಪತ್ರಿಕೆ ಓದುತ್ತ ಕಳೆದು, ಗೋಡೆಯ ಸೂಚನಾಫಲಕದ ಕಾಗುಣಿತ ತಿದ್ದಿಸಿ, ಟೆಕ್ನಿಷಿಯನ್ ಹುಡುಗರ ಮದುವೆಯ ವಿಚಾರದಲ್ಲಿ ಸಲಹೆ ಕೊಟ್ಟು, ಒತ್ತಿಹಿಡಿದ ಹತ್ತಿಯೊಂದಿಗೆ ಬಸ್ ನಿಲ್ದಾಣಕ್ಕೆ ನಡೆಯುತ್ತಿದ್ದರು. ಮೊಮ್ಮಕ್ಕಳ ಓದು, ಮಗಳ ಗೃಹಪ್ರವೇಶ, ಒಂದು ಬಾರಿ ಧರ್ಮಸ್ಥಳದ ಯಾತ್ರೆ ಎಲ್ಲವೂ ಡಯಾಲಿಸಿಸ್ಸಿನ ನಡುವಣ ದಿನಗಳಲ್ಲಿ ಹೊಂದಿಕೊಂಡವು. ಎಂಬತ್ತರ ದಶಕದ ವಾರ್ಡಿನ ನಿಯಮದಲ್ಲಿ ಅವರಿಗೆ ಈ ವರ್ಷಗಳು ಸಿಗುತ್ತಲೇ ಇರಲಿಲ್ಲ. ಜನ್ಮದಿನಾಂಕವನ್ನು ನೋಡಿ ಚಿಕಿತ್ಸೆ ನಿರಾಕರಿಸುವುದು ಎಷ್ಟು ದೊಡ್ಡ ಅನ್ಯಾಯವಾಗಬಹುದೆಂಬುದನ್ನು ಅವರ ಬಾಳು ತೋರಿಸಿತು.

ಆ ಬಳಿಕದ ಬದಲಾವಣೆ ವೇಗವಾಗಿ ನಡೆಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಒದಗಿಸುವ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರ ಕೇಂದ್ರ ಬಜೆಟ್ಟಿನಲ್ಲಿ ಪ್ರಕಟವಾಯಿತು. ಕರ್ನಾಟಕದಲ್ಲಿ ಯಂತ್ರಗಳು ತಾಲ್ಲೂಕು ಆಸ್ಪತ್ರೆಗಳವರೆಗೂ ತಲುಪಿದವು. ಮನೆಮಠ ಮಾರಿ ಚಿಕಿತ್ಸೆ ಕೊಡಿಸಿ ಕೊನೆಗೆ ಕೈಚೆಲ್ಲಿದ ಕುಟುಂಬಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಸಾರ್ವಜನಿಕ ಆರೋಗ್ಯದ ಇತ್ತೀಚಿನ ಸಾಧನೆಗಳಲ್ಲಿ ಇದನ್ನು ಮುಂಚೂಣಿಯಲ್ಲಿಯೇ ಇಡಬೇಕು. ಆದರೆ ಬೀಗ ತೆಗೆದ ಕೋಣೆಗೆ ಈಗ ಪ್ರವೇಶ ತಾನೇ ತಾನಾಗಿ ಆಗಿಬಿಡುತ್ತದೆ. ಕ್ರಿಯಾಟಿನಿನ್ ಏರಿದೆ, ಡಯಾಲಿಸಿಸ್‌ಗೆ ಹಾಕಬೇಕು ಎಂಬ ಎರಡು ಮಾತುಗಳ ನಡುವೆ ಮೂರನೆಯ ಮಾತಿಗೆ ಸ್ಥಳವಿರುವುದಿಲ್ಲ. ಉಚಿತವಾಗಿ ಸಿಗುವುದನ್ನು ಹಿರಿಯರಿಗೆ ಕೊಡಿಸದಿದ್ದರೆ ನೆಂಟರಿಷ್ಟರು ಏನೆಂದಾರು ಎಂಬ ಅಳುಕು ಮಕ್ಕಳನ್ನು ಕಾಡುತ್ತದೆ.

ನಿವೃತ್ತಿಯ ಸಮೀಪದ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವೊಂದಕ್ಕೆ ಸಲಹೆಗಾರ್ತಿಯಾಗಿ ಹೋಗುತ್ತಿದ್ದ ಲೇಖಕಿಗೆ ಅಲ್ಲಿ ಪರಿಚಯವಾದ ವೃದ್ಧೆಯೊಬ್ಬರು ಈ ಹೊಸ ಕಾಲದ ಪ್ರತಿನಿಧಿಯಂತೆ ಕಂಡರು. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂದವಾಗಿತ್ತು, ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿತ್ತು. ಆಟೋದಿಂದ ಹಾಸಿಗೆಯವರೆಗೆ ಮಗ ಎತ್ತಿಕೊಂಡೇ ಬರಬೇಕಿತ್ತು. ನಾಳಗಳು ಸಣ್ಣವಾಗಿದ್ದುದರಿಂದ ಫಿಸ್ಟುಲಾ ಮಾಡಲಾಗದೆ ಕುತ್ತಿಗೆಯಲ್ಲಿ ಕೊಳವೆ ಹಾಕಿದ್ದರು, ಅದಕ್ಕೆ ಆಗಾಗ ಸೋಂಕು ತಗಲಿ ಚಳಿಜ್ವರ ಬರುತ್ತಿತ್ತು. ಡಯಾಲಿಸಿಸ್ಸಿನಲ್ಲಿ ನಿಮಿಷಕ್ಕೆ ಸುಮಾರು 250ರಿಂದ 300 ಮಿಲಿಲೀಟರ್ ರಕ್ತ ದೇಹದಿಂದ ಹೊರಬಂದು, ಕೂದಲಿನಷ್ಟು ತೆಳುವಾದ ಸಾವಿರಾರು ಕೊಳವೆಗಳ ಶೋಧಕದ ಮೂಲಕ ಹಾದು ಹಿಂದಿರುಗುತ್ತದೆ. ಎರಡು ಮೂರು ದಿನಗಳಿಂದ ಕೂಡಿಕೊಂಡ ನೀರನ್ನು ನಾಲ್ಕೇ ಗಂಟೆಗಳಲ್ಲಿ ಹೊರತೆಗೆಯಬೇಕಾಗುತ್ತದೆ. ಗಟ್ಟಿ ಹೃದಯ ಈ ಏರಿಳಿತವನ್ನು ತಾಳುತ್ತದೆ. ಆ ವೃದ್ಧೆಯ ಹೃದಯ ತಾಳುತ್ತಿರಲಿಲ್ಲ. ಮೂರನೆಯ ಗಂಟೆಗೆ ರಕ್ತದೊತ್ತಡ ಕುಸಿದು, ಮೀನಖಂಡ ಸೆಟೆದು ನರಳುತ್ತಿದ್ದರು, ಮರುದಿನವೆಲ್ಲ ನಿದ್ದೆಯ ಜೊಂಪಿನಲ್ಲಿ ಕಳೆಯುತ್ತಿತ್ತು. ಜೊತೆಗೆ ಬರುವ ಮಗನಿಗೆ ಅಂದಿನ ಕೂಲಿ ತಪ್ಪುತ್ತಿತ್ತು. ತಿಂಗಳುಗಳು ಕಳೆದ ಮೇಲೆ ಒಂದು ದಿನ ಆಕೆ ಟೆಕ್ನಿಷಿಯನ್ನನ್ನು ಕರೆದು, ಇನ್ನೆಷ್ಟು ಸಲ ಬಂದರೆ ಇದು ಮುಗಿಯುತ್ತದೆಂದು ವಿಚಾರಿಸಿದರು. ಇದು ಮುಗಿಯುವ ಚಿಕಿತ್ಸೆಯಲ್ಲ, ಜೀವವಿರುವವರೆಗೂ ನಡೆಯಬೇಕಾದದ್ದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದವನು ಮಗ.

ಇಂಥ ರೋಗಿಗಳಿಗೆ ಡಯಾಲಿಸಿಸ್ ಎಷ್ಟು ಆಯುಷ್ಯ ಕೂಡಿಸುತ್ತದೆ, ಎಂಥ ಆಯುಷ್ಯ ಕೂಡಿಸುತ್ತದೆ ಎಂಬುದರ ಬಗ್ಗೆ ಈಗ ಊಹೆಗಿಂತ ಗಟ್ಟಿಯಾದ ಮಾಹಿತಿಯಿದೆ. ಇಂಗ್ಲೆಂಡಿನಲ್ಲಿ 75 ದಾಟಿದ 129 ರೋಗಿಗಳನ್ನು ಪರಿಶೀಲಿಸಿ ಫ್ಲಿಸ್ ಮುರ್ಟಾಗ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಡಯಾಲಿಸಿಸ್ ಹಾದಿ ಹಿಡಿದವರಲ್ಲಿ ಶೇ. 84 ಮಂದಿ, ಅದಿಲ್ಲದ ಆರೈಕೆ ಆಯ್ದವರಲ್ಲಿ ಶೇ. 68 ಮಂದಿ ಬದುಕಿದ್ದರು. ಒಟ್ಟಾರೆ ಲಾಭ ಡಯಾಲಿಸಿಸ್ಸಿನದೇ. ಆದರೆ ಬೇರೆ ಕಾಯಿಲೆಗಳ ಹೊರೆ ಹೆಚ್ಚಿದ್ದವರಲ್ಲಿ, ವಿಶೇಷವಾಗಿ ಹೃದಯದ ರಕ್ತನಾಳಗಳು ಕಟ್ಟಿಕೊಂಡವರಲ್ಲಿ, ಈ ಲಾಭ ಕರಗಿಹೋಗಿತ್ತು. ಅಮೆರಿಕದ ವೃದ್ಧಾಶ್ರಮಗಳಲ್ಲಿದ್ದು ಡಯಾಲಿಸಿಸ್ ಆರಂಭಿಸಿದ 3,702 ಮಂದಿಯ ಕುರಿತು ಮಂಜುಳಾ ಕುರೆಲ್ಲ ತಮುರಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕಠೋರವಾದದ್ದನ್ನು ಹೇಳಿತು: ವರ್ಷದೊಳಗೆ ಶೇ. 58 ಮಂದಿ ತೀರಿಕೊಂಡಿದ್ದರು, ಸ್ನಾನ, ಊಟ, ಓಡಾಟಗಳಲ್ಲಿ ಮೊದಲಿನಷ್ಟೇ ಶಕ್ತಿ ಉಳಿಸಿಕೊಂಡವರು ಶೇ. 13 ಮಾತ್ರ. ಕಸಿಗೆ ಅರ್ಹರಲ್ಲದ ಅಮೆರಿಕದ ಹಿರಿಯ ಮಾಜಿ ಸೈನಿಕರ ದಾಖಲೆಗಳನ್ನು ವಿಶ್ಲೇಷಿಸಿದ 2024ರ ಅಧ್ಯಯನದಲ್ಲಿ, ಡಯಾಲಿಸಿಸ್ಸನ್ನು ಕೂಡಲೇ ಆರಂಭಿಸಿದವರು ಅದನ್ನು ಪೂರ್ತಿ ಬಿಟ್ಟವರಿಗಿಂತ ಮೂರು ವರ್ಷಗಳ ಅವಧಿಯಲ್ಲಿ ಸರಾಸರಿ 77 ದಿನಗಳಷ್ಟು ಹೆಚ್ಚು ಬದುಕಿದರು, ಆದರೆ ಮನೆಯಲ್ಲಿ ಕಳೆದ ದಿನಗಳು ಸುಮಾರು 15ರಷ್ಟು ಕಡಿಮೆಯಾಗಿದ್ದವು. ಈ ಅಂಕಿಗಳನ್ನು ಯಥಾವತ್ತಾಗಿ ಕರ್ನಾಟಕಕ್ಕೆ ಅನ್ವಯಿಸಲಾಗದು. ಆದರೂ ಆರೋಗ್ಯವಂತ ಹೃದಯದ ಶಿಕ್ಷಕಿಗೂ ಲಕ್ವ ಹೊಡೆದ ವೃದ್ಧೆಗೂ ಒಂದೇ ಉತ್ತರ ಹೊಂದುವುದಿಲ್ಲವೆಂಬ ವಾರ್ಡಿನ ಅನುಭವವನ್ನು ಇವು ಸಮರ್ಥಿಸುತ್ತವೆ.

ಆತುರಕ್ಕೂ ಆಧಾರ ಕಡಿಮೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ 828 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಐಡಿಯಲ್ ಹೆಸರಿನ ಪರೀಕ್ಷೆಯಲ್ಲಿ, ಸೋಸುವಿಕೆಯ ವೇಗ 10ರಿಂದ 14 ಇರುವಾಗಲೇ ಡಯಾಲಿಸಿಸ್ ಆರಂಭಿಸಲು ಗೊತ್ತುಮಾಡಿದವರೂ, ಅದು 5ರಿಂದ 7ಕ್ಕೆ ಇಳಿಯುವವರೆಗೆ ಅಥವಾ ತೊಂದರೆಗಳು ಕಾಣಿಸುವವರೆಗೆ ಕಾಯಲು ಗೊತ್ತುಮಾಡಿದವರೂ ಆಯುಷ್ಯದಲ್ಲಿ ಸಮಸಮವಾಗಿದ್ದರು. ಕ್ರಿಯಾಟಿನಿನ್ನಿನ ಅಂಕಿ ಹೆದರಿಸಿದ ಮಾತ್ರಕ್ಕೆ ಅಂದೇ ಸಂಜೆ ಕುತ್ತಿಗೆಗೆ ಕೊಳವೆ ಇಳಿಸಬೇಕಾಗಿಲ್ಲ. ಪೊಟ್ಯಾಶಿಯಂ ಅಪಾಯದ ಮಟ್ಟಕ್ಕೇರಿ, ಶ್ವಾಸಕೋಶದಲ್ಲಿ ನೀರು ತುಂಬಿ ತುರ್ತು ಒದಗದಿದ್ದರೆ, ಕುಳಿತು ಮಾತಾಡಲು ಸಾಮಾನ್ಯವಾಗಿ ವಾರಗಳು, ಹಲವರಿಗೆ ತಿಂಗಳುಗಳೇ ಇರುತ್ತವೆ. ನಿರ್ಧಾರ ಕಷ್ಟವೆನಿಸಿದರೆ ನಡುದಾರಿಯೂ ಉಂಟು: ಒಂದೆರಡು ತಿಂಗಳು ಡಯಾಲಿಸಿಸ್ ಮಾಡಿ ನೋಡುವುದು, ಹಸಿವು, ನಿದ್ದೆ, ಓಡಾಟಗಳಲ್ಲಿ ಏನು ಸುಧಾರಿಸಬೇಕೆಂದು ಮೊದಲೇ ಮಾತಾಡಿಕೊಳ್ಳುವುದು, ಸುಧಾರಿಸದಿದ್ದರೆ ನಿಲ್ಲಿಸುವುದು. ಆರಂಭಿಸಿದ್ದನ್ನು ನಿಲ್ಲಿಸುವುದು ಪಾಪವೆಂಬ ಭಾವನೆ ನಮ್ಮ ಕುಟುಂಬಗಳಲ್ಲೂ ವೈದ್ಯರಲ್ಲೂ ಬೇರೂರಿರುವುದರಿಂದ ಈ ಮಾತನ್ನು ಮೊದಲ ದಿನವೇ ಆಡಬೇಕಾಗುತ್ತದೆ.

ಹಾಗಾದರೆ ಡಯಾಲಿಸಿಸ್ ಇಲ್ಲದ ಆರೈಕೆ ಎಂದರೇನು? ವೈದ್ಯರು ಕನ್ಸರ್ವೇಟಿವ್ ಕೇರ್ ಎನ್ನುವ ಈ ಕ್ರಮದಲ್ಲಿ ರೋಗಿಯನ್ನು ಕೈಬಿಡುವುದಿಲ್ಲ, ಯಂತ್ರವನ್ನು ಮಾತ್ರ ಬಿಡಲಾಗುತ್ತದೆ. ಊತಕ್ಕೆ ಮತ್ತು ಉಸಿರಾಟದ ತೊಂದರೆಗೆ ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್, ಆಮ್ಲೀಯತೆಗೆ ಸೋಡಿಯಂ ಬೈಕಾರ್ಬೊನೇಟ್ ಮಾತ್ರೆ, ರಕ್ತಹೀನತೆಗೆ ಕಬ್ಬಿಣಾಂಶ ಮತ್ತು ಎರಿಥ್ರೊಪೊಯಿಟಿನ್, ತುರಿಕೆ ಹಾಗೂ ಕಾಲಿನ ಚಡಪಡಿಕೆಗೆ ಅತಿ ಕಡಿಮೆ ಪ್ರಮಾಣದ ಗ್ಯಾಬಪೆಂಟಿನ್, ವಾಕರಿಕೆಗೆ ಔಷಧ, ಇವೆಲ್ಲ ಸೇರಿ ಅನೇಕರಿಗೆ ತಿಂಗಳುಗಳ, ಕೆಲವರಿಗೆ ವರ್ಷಕ್ಕೂ ಮೀರಿದ ಸಹನೀಯ ಬದುಕನ್ನು ಕೊಡುತ್ತವೆ. ಪಥ್ಯವೂ ಅದರ ಭಾಗ, ಆದರೆ ಹಿತಮಿತವಾಗಿ. ಸೊಪ್ಪು ತರಕಾರಿಗಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಶಿಯಂನ ಒಂದು ಪಾಲು ನೀರಿಗೆ ಇಳಿಯುತ್ತದೆ. ಹಳೆಯ ಮೈಸೂರಿನ ಮನೆಗಳಲ್ಲಿ ಅದೇ ನೀರು ಬಸ್ಸಾರಾಗಿ ಮುದ್ದೆಯ ಜೊತೆಗೆ ಬರುತ್ತದಾದ್ದರಿಂದ, ಪಲ್ಯ ತಿನ್ನಬಹುದು, ಸಾರು ಬೇಡ ಎಂದು ಅಡಿಗೆ ಮಾಡುವವರಿಗೆ ಬಿಡಿಸಿ ಹೇಳಬೇಕು. ಎಳನೀರು ಬೇಡ, ಉಪ್ಪಿನಕಾಯಿ ಹಪ್ಪಳ ಬೇಡ ಎನ್ನುವ ವೈದ್ಯರು ಕೊನೆಯ ವಾರಗಳಲ್ಲಿ ಈ ನಿಷೇಧಗಳನ್ನು ಒಂದೊಂದಾಗಿ ಸಡಿಲಿಸುವುದನ್ನೂ ಕಲಿತಿರಬೇಕು.

ಈ ಹಾದಿಯನ್ನು ತಿಳಿದೂ ತಿಳಿದು ಆಯ್ದವರಲ್ಲಿ ಮಲೆನಾಡಿನ ಅಡಿಕೆ ತೋಟದ ಯಜಮಾನರೊಬ್ಬರ ನೆನಪು ಈ ಬರಹಕ್ಕೆ ಅಗತ್ಯ. ಎಂಬತ್ತು ಸಮೀಪಿಸಿದ್ದ ಅವರು ಎರಡು ಬಾರಿ ಹೃದಯಾಘಾತ ಕಂಡಿದ್ದರು. ಡಯಾಲಿಸಿಸ್ ಎಂದರೇನು, ಎಷ್ಟು ದೂರ ಹೋಗಬೇಕು, ಬಿಟ್ಟರೆ ಏನಾಗುತ್ತದೆ ಎಂಬುದನ್ನೆಲ್ಲ ಕೇಳಿ ತಿಳಿದು, ಘಟ್ಟದ ತಿರುವುಗಳಲ್ಲಿ ವಾರಕ್ಕೆರಡು ಬಾರಿ ಕಾರಿನಲ್ಲಿ ಕೂರುವ ಬದಲು ಮನೆ ಜಗಲಿಯ ಚಿಟ್ಟೆಯ ಮೇಲೆ ಕೂತು ಅಡಿಕೆಯ ಕೊನೆಕೊಯ್ಲು ನೋಡುವುದೇ ಲೇಸೆಂದು ತೀರ್ಮಾನಿಸಿದರು. ಔಷಧಗಳು ಚೆನ್ನಾಗಿ ನಡೆದವು. ಸೊಸೆ ಊತವನ್ನೂ ತೂಕವನ್ನೂ ಪುಸ್ತಕದಲ್ಲಿ ಬರೆದಿಟ್ಟರು. ಆ ವರ್ಷದ ಕೊಯ್ಲೂ ಮುಗಿಯಿತು. ಆದರೆ ಕೊನೆಯ ವಾರದ ಒಂದು ರಾತ್ರಿ ಉಸಿರು ಮೇಲಕ್ಕೆ ಹತ್ತಿದಾಗ ಮನೆಯಲ್ಲಿ ಅದನ್ನು ಶಮನಗೊಳಿಸುವ ಔಷಧವಿರಲಿಲ್ಲ, ಕರೆದರೆ ಬರುವ ನರ್ಸ್ ಇರಲಿಲ್ಲ, ಫೋನಿನಲ್ಲಿ ದಾರಿ ಹೇಳುವವರೂ ಸಿಗಲಿಲ್ಲ. ಮಕ್ಕಳು ಹೆದರಿ ಆಂಬುಲೆನ್ಸ್ ಕರೆಸಿದರು. ದೂರದ ಆಸ್ಪತ್ರೆಯೊಂದರ ತುರ್ತು ವಿಭಾಗದವರಿಗೆ ಅವರ ನಿರ್ಧಾರದ ಕಾಗದ ಯಾವುದೂ ಕಾಣಲಿಲ್ಲ. ಬೆಳಗಾಗುವುದರೊಳಗೆ ಕುತ್ತಿಗೆಗೆ ಕೊಳವೆ ಬಿತ್ತು, ಯಂತ್ರ ಓಡಿತು, ಅವರು ಬೇಡವೆಂದಿದ್ದ ಜಾಗದಲ್ಲೇ ಜೀವ ಹೋಯಿತು. ತೀರ್ಮಾನ ಅವರದು ಸರಿಯಾಗಿಯೇ ಇತ್ತು. ಅದನ್ನು ಹೊರುವ ವ್ಯವಸ್ಥೆ ಊರಿನಲ್ಲಿ ಇರಲಿಲ್ಲ.

ಈ ಎರಡು ಕಾಲಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಎದ್ದು ಕಾಣುವ ಸಾಮ್ಯವೊಂದಿದೆ. ಯಂತ್ರವಿಲ್ಲದ ಕಾಲದಲ್ಲಿ ಅದರ ಅಭಾವವೇ ವೃದ್ಧರ ಪರವಾಗಿ ತೀರ್ಮಾನಿಸುತ್ತಿತ್ತು, ಯಂತ್ರ ಬಂದ ಕಾಲದಲ್ಲಿ ಅದರ ಲಭ್ಯತೆಯೇ ತೀರ್ಮಾನಿಸುತ್ತಿದೆ. ರೈತನಿಗೂ ಲಕ್ವದ ವೃದ್ಧೆಗೂ ಸಮಾನವಾದದ್ದೆಂದರೆ ಅವರನ್ನು ಯಾರೂ ಕೇಳಲಿಲ್ಲವೆಂಬುದು. ಅಪ್ಪನಿಗೆ ಹೇಳಬೇಡಿ, ಧೈರ್ಯ ಕುಂದೀತು ಎಂದು ವೈದ್ಯರ ಕೋಣೆಯ ಬಾಗಿಲಲ್ಲಿ ಮಕ್ಕಳು ಪಿಸುಗುಡುವುದು ಪ್ರೀತಿಯಿಂದಲೇ. ಹಾಗೆಂದು ಆ ಪ್ರೀತಿ ಅಪ್ಪನ ಬಾಯಿ ಕಟ್ಟುತ್ತದೆಂಬುದು ಸುಳ್ಳಾಗುವುದಿಲ್ಲ. ಮನೆಯ ವೃದ್ಧೆಯರ ವಿಷಯದಲ್ಲಂತೂ ಗಂಡ, ಮಗ, ಅಳಿಯ ಎಲ್ಲರ ಮಾತು ಮುಗಿದ ಮೇಲೂ ಅವರ ಸರದಿ ಬರುವುದು ವಿರಳ.

ಕನ್ನಡನಾಡಿನಲ್ಲಿ ಈ ವಿಷಯ ಬಂದಾಗ ಸಲ್ಲೇಖನದ ಪ್ರಸ್ತಾಪ ಬಾರದಿರದು. ಶ್ರವಣಬೆಳಗೊಳದ ಶಾಸನಗಳಲ್ಲಿ ಶತಮಾನಗಳುದ್ದಕ್ಕೂ ದಾಖಲಾದ, ಆಹಾರವನ್ನು ಕ್ರಮವಾಗಿ ತ್ಯಜಿಸಿ ದೇಹವನ್ನು ಬಿಡುವ ಆ ಜೈನ ವ್ರತವನ್ನು ರಾಜಸ್ಥಾನ ಉಚ್ಚ ನ್ಯಾಯಾಲಯ 2015ರಲ್ಲಿ ಅಪರಾಧವೆಂದಿತು, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಡಯಾಲಿಸಿಸ್ ಬೇಡವೆನ್ನುವುದನ್ನು ಅದಕ್ಕೆ ಹೋಲಿಸುವುದು ಗೌರವದಿಂದಲೇ ಆದರೂ ಸರಿಯಲ್ಲ. ವ್ರತಸ್ಥರು ಸಾವನ್ನು ಧಾರ್ಮಿಕ ಸಂಕಲ್ಪದಿಂದ ಬರಮಾಡಿಕೊಳ್ಳುತ್ತಾರೆ. ಡಯಾಲಿಸಿಸ್ ಒಲ್ಲದ ರೋಗಿ ಊಟ, ಔಷಧ, ಆರೈಕೆ ಎಲ್ಲವನ್ನೂ ಬಯಸುತ್ತಾನೆ, ಒಂದು ಹೊರೆಯನ್ನು ಮಾತ್ರ ಒಲ್ಲೆನೆನ್ನುತ್ತಾನೆ. ಅಮೆರಿಕದ ಹಾಸ್ಯ ಅಂಕಣಕಾರ ಆರ್ಟ್ ಬುಕ್‌ವಾಲ್ಡ್ 2006ರಲ್ಲಿ 80ನೆಯ ವಯಸ್ಸಿನಲ್ಲಿ ಡಯಾಲಿಸಿಸ್ ನಿರಾಕರಿಸಿ ಅಂತಿಮ ಆರೈಕೆಯ ಹಾಸ್ಪೈಸ್ ಸೇರಿದರು. ವಾರಗಳಲ್ಲಿ ಸಾವು ಬರುವುದೆಂದು ಎಲ್ಲರೂ ಎಣಿಸಿದ್ದಾಗ ಮೂತ್ರಪಿಂಡ ಅನಿರೀಕ್ಷಿತವಾಗಿ ಚೇತರಿಸಿಕೊಂಡಿತು, ಅವರು ಹೊರಬಂದು ಆ ಅನುಭವದ ಬಗ್ಗೆ ಪುಸ್ತಕ ಬರೆದು 2007ರ ಜನವರಿಯಲ್ಲಿ ತೀರಿಕೊಂಡರು. ಅಂಥ ಚೇತರಿಕೆ ಅಪವಾದ, ಅದನ್ನು ನಂಬಿ ನಿರ್ಧರಿಸಲಾಗದು. ಬೇಡವೆಂದವರೂ ಕೊನೆಯವರೆಗೆ ಬದುಕುತ್ತಲೇ ಇರುತ್ತಾರೆಂಬುದಕ್ಕೆ ಮಾತ್ರ ಅವರು ಸಾಕ್ಷಿ.

ಕಾನೂನಿನ ಅಂಜಿಕೆಗೂ ಈಗ ಹೆಚ್ಚು ಆಧಾರವಿಲ್ಲ. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕ ವ್ಯಕ್ತಿ ತನಗೆ ಬೇಡವಾದ ಚಿಕಿತ್ಸೆಯನ್ನು ನಿರಾಕರಿಸಬಹುದೆಂಬುದನ್ನು 2018ರ ತೀರ್ಪು ಎತ್ತಿಹಿಡಿದಿದೆ. ತೀರ್ಪಿನಲ್ಲಿ ಹೇಳಿರುವ ಎರಡು ಹಂತದ ವೈದ್ಯಕೀಯ ಮಂಡಳಿಗಳು ಮುಖ್ಯವಾಗಿ ತಮ್ಮ ಮಾತು ತಾವೇ ಆಡಲಾರದ ರೋಗಿಗಳಿಗಾಗಿ ಇವೆ. ಎರಡನೆಯ ಮಂಡಳಿಗೆ ವೈದ್ಯರನ್ನು ಹೆಸರಿಸುವ ಏರ್ಪಾಡನ್ನು 2025ರ ಸುತ್ತೋಲೆ ಮಾಡಿದೆ. ಮುಂದೆ ಪ್ರಜ್ಞೆ ತಪ್ಪಿದರೆ ಏನು ಮಾಡಬೇಕೆಂಬುದನ್ನು ಇಬ್ಬರು ಸಾಕ್ಷಿಗಳ ಸಮಕ್ಷಮ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಟ್ಟರೆ ಆ ಕಾಗದಕ್ಕೆ ಬೆಲೆಯುಂಟು. ಅಡಿಕೆ ತೋಟದ ಯಜಮಾನರ ಜೇಬಿನಲ್ಲಿ ಅಂಥದೊಂದು ಕಾಗದವಿದ್ದಿದ್ದರೆ ತುರ್ತು ವಿಭಾಗದ ಕಿರಿಯ ವೈದ್ಯರ ಕೈಗೆ ಆಧಾರವೊಂದು ಸಿಗುತ್ತಿತ್ತು.

ಕಾಗದದಿಂದಲೇ ಉಸಿರುಗಟ್ಟುವಿಕೆ ನಿಲ್ಲುವುದಿಲ್ಲ. ಮಾದಕವಸ್ತು ಕಾಯಿದೆಗೆ 2014ರಲ್ಲಿ ತಿದ್ದುಪಡಿಯಾಗಿ ಮಾರ್ಫಿನ್‌ನಂಥ ನೋವುಶಾಮಕಗಳ ಪರವಾನಗಿ ಸರಳವಾಗಿದ್ದರೂ ಅವು ತಾಲ್ಲೂಕು ಮಟ್ಟದಲ್ಲಿ ಇನ್ನೂ ಸುಲಭವಾಗಿ ಸಿಗುವುದಿಲ್ಲ; ಮೂತ್ರಪಿಂಡ ಕೆಟ್ಟವರಲ್ಲಿ ಮಾರ್ಫಿನ್ನಿನ ಶೇಷಗಳು ದೇಹದಲ್ಲೇ ಕೂಡಿಕೊಳ್ಳುವುದರಿಂದ ಪ್ರಮಾಣ ತಗ್ಗಿಸುವ, ಅಥವಾ ಫೆಂಟನಿಲ್‌ನಂಥ ಬದಲಿ ಬಳಸುವ ತಿಳಿವಳಿಕೆಯುಳ್ಳವರೂ ವಿರಳ. ಡಯಾಲಿಸಿಸ್ ಹಾಸಿಗೆಗಳನ್ನು ತೆರೆದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಮನೆಗೆ ಹೋಗಿ ನೋಡಬಲ್ಲ ಒಬ್ಬ ತರಬೇತಾದ ನರ್ಸ್, ಈ ಔಷಧಗಳ ದಾಸ್ತಾನು, ರಾತ್ರಿ ಕರೆ ಸ್ವೀಕರಿಸುವ ಒಂದು ಫೋನ್ ಇರಬೇಕು. ಯಂತ್ರ, ನೀರಿನ ಶುದ್ಧೀಕರಣ ಘಟಕ ಮತ್ತು ಟೆಕ್ನಿಷಿಯನ್ನರಿಗೆ ಮಾಡುವ ವೆಚ್ಚದ ಎದುರು ಇದು ಸಣ್ಣ ವೆಚ್ಚ. ಅದಿಲ್ಲದೆ ವೃದ್ಧರಿಗೆ ಡಯಾಲಿಸಿಸ್ ಬೇಡವೆನ್ನುವ ಸ್ವಾತಂತ್ರ್ಯ ಕೊಟ್ಟಿದ್ದೇವೆಂದು ಹೇಳಿಕೊಂಡರೆ, ಎಂಬತ್ತರ ದಶಕದ ಬಿಡುಗಡೆ ಚೀಟಿಯನ್ನೇ ಹೊಸ ಹೆಸರಿನಲ್ಲಿ ಬರೆದುಕೊಟ್ಟಂತಾಗುತ್ತದೆ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲದ ಕೆಲಸವೊಂದು ಓದುಗರ ಕೈಯಲ್ಲೇ ಇದೆ. ಮನೆಯ ಹಿರಿಯರಿಗೆ ಡಯಾಲಿಸಿಸ್ ಬೇಕೆಂದು ವೈದ್ಯರು ಹೇಳಿದಾಗ, ಇದರಿಂದ ಇವರಿಗೆ ಎಷ್ಟು ಲಾಭ, ಬಿಟ್ಟರೆ ಏನಾಗುತ್ತದೆ, ಆಗ ಯಾರು ನೋಡಿಕೊಳ್ಳುತ್ತಾರೆ, ಮಾಡಿನೋಡಿ ನಿಲ್ಲಿಸಬಹುದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯಬೇಕು. ಆ ಉತ್ತರಗಳನ್ನು ಹಿರಿಯರ ಮುಂದೆಯೇ, ಅವರಿಗೆ ಅರ್ಥವಾಗುವ ಮಾತಿನಲ್ಲಿ ಇಡಬೇಕು. ಮತ್ತು ಒಪ್ಪಿಗೆ ಪತ್ರಕ್ಕೆ ಮಕ್ಕಳು ಸಹಿ ಮಾಡುವ ಮೊದಲು, ನಿಮಗೆ ಏನು ಬೇಕು ಎಂದು ಅವರನ್ನೇ ಕೇಳಬೇಕು.